ಟಗರಿಗೆ ಹೇಳಿದ ಮಾತು

ಹುಕ್ಕೇರಿ,
ಮಂಗಳವಾರ

ನನ್ನ ವಿಜಿಗೆ,

ನಿನ್ನ ಅಕ್ಕ ಮಾಯಾ ಬರೆಯುವುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರು ಮಾಡಬೇಕಂತೆ. ಚೆನ್ನಾಗಿಯೇ ಇದ್ದೇವೆ, ನನಗೆ ಮಾತ್ರ ದಣಿವು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತರೂ ಬಾರದ ದಣಿವು ಭಾನುವಾರ ನೀನು ಬಂದು ಹೋದಾಗಿನಿಂದ ಮೈಮೇಲೆ ಕೂತಿದೆ. ಫೋನು ಮಾಡೋಣವೆಂದರೆ ಅದು ನಿನ್ನ ಗಂಡನ ಕಿಸೆಯಲ್ಲಿರುತ್ತದೆ. ಮೂಡಲಗಿಯ ದುಂಡವ್ವನ ತವರುಮನೆ ನಮ್ಮ ಓಣಿಯಲ್ಲೇ ಇದೆ, ನನ್ನ ಹತ್ತಿರವೇ ಜಂಪರ ಹೊಲಿಸುತ್ತಾಳೆ. ನಾಳೆ ಅವಳು ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ಹದಿನಾಲ್ಕು ವರ್ಷದ ಮೇಲೆ ನೀನು ಬಂದೆ. ಮೂಡಲಗಿಯಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ, ಬಸ್ಸಿನಲ್ಲಿ ನಿಂತೇ ಬಂದಿರಬೇಕು, ಸೀರೆ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬಾಗಿಲು ತೆಗೆದೆ. ನೀನು ನನ್ನ ಮುಖ ನೋಡಿದೆ, ಬಾಯಿ ತೆರೆದೆ, ಆಮೇಲೆ ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕಿನ ಕಡೆ ತಿರುಗಿ ಹೇಳಿದೆ: "ಏ ಬೆಕ್ಕ, ನಿಮ್ಮವ್ವಗ ಹೇಳು, ನನ್ನ ಮಾತೂ ಮುಚ್ಯಾರ."

ನನ್ನ ಮಾತು ಎಂದೋ ಮುಚ್ಚಿದೆ, ನಿನ್ನದೂ ಈಗ ಮುಚ್ಚಿದೆ. ಹಾಗಾದ ಮೇಲೆ ನಾವಿಬ್ಬರು ಮಾತಾಡಿಕೊಳ್ಳಲು ಸಭೆಯ ಯಾವ ನಿಯಮದ ಅಡ್ಡಿಯೂ ಇರಲಿಲ್ಲ. ಆದರೂ ಒಂದು ತಾಸು ನೀನು ಹೇಳಿದ್ದೆಲ್ಲ ಬೆಕ್ಕಿಗೇ. ನಾನೇನು ಕಡಿಮೆಯವಳೇ, ಚಹಾ ಆರುತ್ತದೆ ಎಂದು ನಾನೂ ಬೆಕ್ಕಿಗೇ ಹೇಳಿದೆ. ನೀನು ಹೋದ ಮೇಲೆ ಸೂರಜ ಕೇಳಿದರು: "ನಿನ್ನ ತಂಗೀಗಿ ಬೆಕ್ಕಂದ್ರ ಭಾಳ ಪ್ರೀತಿ ಏನು?" ನಗಲು ಹೋದೆ, ಅಳು ಬಂತು. ನನ್ನ ಗಂಡನಿಗೆ ಇದೆಲ್ಲ ಹೇಗೆ ತಿಳಿಯಬೇಕು. ಹತ್ತರಗಿಯ ಅವರ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಏಳು ಜನ ಒಟ್ಟಿಗೆ ಮಾತಾಡುತ್ತಾರೆ, ಜಗಳದ ನಡುವೆಯೇ ಉಪ್ಪಿನಕಾಯಿ ಕೊಡು ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ನಾನು ಹೆದರಿ ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ.

ಧುಪದಾಳದ ನಮ್ಮ ಮನೆಗೆ ಸಭೆಯ ಪಂಥ ಬಂದದ್ದು ಅವ್ವ ತೀರಿಕೊಂಡ ವರ್ಷ. ನಿನಗಾಗ ನಾಲ್ಕು ವರ್ಷ, ನೆನಪಿರಲಿಕ್ಕಿಲ್ಲ. ಅಪ್ಪ ಕುಡಿದು ಕಾಲುವೆಯ ದಂಡೆಯಲ್ಲಿ ಬಿದ್ದಿರುತ್ತಿದ್ದ, ಕುರಿಗಳು ತಾವೇ ದಾರಿ ಹಿಡಿದು ಮನೆಗೆ ಬರುತ್ತಿದ್ದವು. ಸಭೆಯವರು ಅವನನ್ನು ಎತ್ತಿ ತಂದರು. ತಿಂಗಳುಗಟ್ಟಲೆ ಪಾಳಿಯ ಮೇಲೆ ಬಂದು ಅವನ ಪಕ್ಕದಲ್ಲೇ ಮಲಗಿ ಕುಡಿತ ಬಿಡಿಸಿದರು. ಅವರ ಹೆಂಗಸರು ನಮಗೆ ರೊಟ್ಟಿ ಬಡಿದುಕೊಟ್ಟರು, ನಿನಗೆ ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕೂತರು. ಅದನ್ನು ನಾನು ಇಲ್ಲವೆನ್ನಲಾರೆ. ಆಮೇಲೆ ಒಂದೊಂದೇ ಹೋಯಿತು. ನಮ್ಮ ಕುಲದೇವರು ಬೀರಪ್ಪನ ಅರಿಸಿನದ ಭಂಡಾರ ಹೊಳೆಗೆ ಹೋಯಿತು, ಡೊಳ್ಳು ಯಾರದೋ ಮನೆಗೆ ಹೋಯಿತು, ಹೂವು, ಹಬ್ಬ, ಹೊರಗಿನವರ ಕೈಯ ಊಟ ಹೋಯಿತು, ಸತ್ತವರಿಗಾಗಿ ಅಳುವುದೂ ಹೋಯಿತು. ಬೀರಸಿದ್ದಪ್ಪ ಎಂಬ ಅಪ್ಪನ ಹೆಸರು ಮಾತ್ರ ಉಳಿಯಿತು, ಅದನ್ನು ಬದಲಿಸಲು ಹಿರಿಯರು ಮರೆತರೋ ಏನೋ.

ಶನಿವಾರದ ಸಂಜೆಗಳು ನಿನಗೆ ಗೊತ್ತೇ ಇವೆ, ಆದರೂ ಬರೆಯುತ್ತೇನೆ. ಬರೆದರೆ ಅವು ಸ್ವಲ್ಪ ದೂರ ಹೋಗುತ್ತವೆ ಅನ್ನಿಸುತ್ತದೆ. ತಗಡಿನ ಆ ದೊಡ್ಡ ಕೋಣೆ, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಒಬ್ಬೊಬ್ಬರೇ ಎದ್ದು ಆ ವಾರ ಬೇರೆಯವರಲ್ಲಿ ಏನು ತಪ್ಪು ಕಂಡೆವು ಎಂದು ಒಪ್ಪಿಸಬೇಕು. ಹೇಳಿಸಿಕೊಂಡವರು ತಲೆ ತಗ್ಗಿಸಿ 'ಉಪಕಾರ ಆತು' ಎನ್ನಬೇಕು. ತಪ್ಪು ದೊಡ್ಡದಾದರೆ ಮಾತು ಮುಚ್ಚುತ್ತಿದ್ದರು. ಹೊಡೆಯುವುದಿಲ್ಲ, ಬೈಯುವುದಿಲ್ಲ, ಮನೆಯಿಂದ ಹೊರಗೂ ಹಾಕುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ. ಯಾರೂ ಮಾತಾಡಿಸುವುದಿಲ್ಲ, ಅಷ್ಟೇ.

ನನ್ನ ಮಾತು ಮುಚ್ಚಿದ್ದು ಅಜ್ಜಿಯ ಸಲುವಾಗಿ. ಬೆಲ್ಲದ ಬಾಗೇವಾಡಿಯ ಯಲ್ಲಕ್ಕಜ್ಜಿ ಸಭೆಯ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ಅವಳು ಸತ್ತಾಗ, ಹೆತ್ತ ತಾಯಿಯಾದರೂ, ಅಪ್ಪ ಹೋಗಲಿಲ್ಲ. ನಾನು ಹೋದೆ. ಅವಳ ಹಣೆಗೆ ಭಂಡಾರ ಹಚ್ಚಿದೆ, ಎಲ್ಲರ ಜೊತೆ ಕೂತು ಗಟ್ಟಿಯಾಗಿ ಅತ್ತೆ. ಅವ್ವನಿಗಾಗಿ ಅಳದೆ ಉಳಿದಿದ್ದನ್ನೂ ಅಲ್ಲಿಯೇ ಅತ್ತು ಮುಗಿಸಿದೆ. ಶನಿವಾರ ಅಪ್ಪನೇ ಎದ್ದು ನನ್ನ ತಪ್ಪು ಒಪ್ಪಿಸಿದ. ಮನೆಗೆ ಬಂದು ಹೊಸ್ತಿಲಲ್ಲಿ ನಿಂತು, "ಇವತ್ತಿಗಿ ಈಕಿ ಮಾತು ಮುಚ್ಚೇತಿ" ಎಂದ. ಅಪ್ಪನ ಬಾಯಿಂದ ನಾನು ಕೇಳಿದ ನನ್ನ ಕುರಿತ ಕೊನೆಯ ಮಾತು ಅದು. ಅದನ್ನೂ ಅವನು ಹೇಳಿದ್ದು ನಿನಗೆ.

ನಿನಗಾಗ ಹನ್ನೆರಡು. ದಿನಾ ನಿನ್ನ ತಲೆ ಬಾಚುತ್ತಿದ್ದವಳು ನಾನು. ಮರುದಿನ ನೀನೇ ಬಾಚಿಕೊಂಡು ಸಾಲೆಗೆ ಹೋದೆ, ಬೈತಲೆ ಸೊಟ್ಟಗಾಗಿತ್ತು, ಸರಿಪಡಿಸಲು ನಾನು ಕೈ ಎತ್ತಲಿಲ್ಲ. ಕೆಲವು ದಿನ ಹಾಗೇ ಹೋಯಿತು. ಒಂದು ಸಂಜೆ ನೀನು ಹಿತ್ತಲಿನಲ್ಲಿ ಕಟ್ಟಿದ್ದ ನಮ್ಮ ಟಗರಿನ ಮುಂದೆ, ನನಗೆ ಬೆನ್ನು ಮಾಡಿ ಕೂತೆ. "ಬಾಳ್ಯಾ, ರೊಟ್ಟಿ ಕಟ್ಟಿ ಮ್ಯಾಲ ಐತಿ, ಆರೂದರಾಗ ತಿನ್ನು. ಪಲ್ಯಾದಾಗ ಉಪ್ಪು ಹೆಚ್ಚಾಗೇತಿ, ಬೈಬ್ಯಾಡ" ಎಂದೆ. ಬಾಳ್ಯಾ ಕಿವಿ ಅಲ್ಲಾಡಿಸಿತು. ನಾನು ಹೋಗಿ ರೊಟ್ಟಿ ತಿಂದೆ. ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತು.

ಅಲ್ಲಿಂದ ನಮ್ಮ ಸಂಸಾರವೆಲ್ಲ ಟಗರಿನ ಮೂಲಕವೇ ನಡೆಯಿತು. ಸಾಲೆಯಲ್ಲಿ ಯಾರು ಯಾರ ಪೆನ್ನು ಕದ್ದರು, ಅಪ್ಪನ ಸಿಟ್ಟು ಇವತ್ತು ಎಷ್ಟಿದೆ, ಎಲ್ಲವನ್ನೂ ನೀನು ಬಾಳ್ಯಾನಿಗೆ ಹೇಳುತ್ತಿದ್ದೆ. ನೀನು ದೊಡ್ಡವಳಾದ ಸುದ್ದಿಯನ್ನೂ ಮೊದಲು ಅದಕ್ಕೇ ಹೇಳಿದೆ, ಏನು ಮಾಡಬೇಕೆಂದು ನಾನೂ ಅದಕ್ಕೇ ಹೇಳಿಕೊಟ್ಟೆ. ಊರಿನಲ್ಲಿ ಅಷ್ಟು ತಿಳಿವಳಿಕೆಯ ಟಗರು ಇನ್ನೊಂದಿರಲಿಲ್ಲ. ಖರೆ ಹೇಳುತ್ತೇನೆ ವಿಜಿ, ಆ ತಿಂಗಳುಗಳಲ್ಲಿ ನಾನು ಬದುಕಿ ಉಳಿದದ್ದು ನಿನ್ನಿಂದ.

ಆಮೇಲೆ ಬಾಜೂ ಮನೆಯ ಸಿದ್ರಾಮ ಕಾಕಾ ಸಭೆಯಲ್ಲಿ ಎದ್ದು, ಬೀರಸಿದ್ದಪ್ಪನ ಸಣ್ಣ ಮಗಳು ಟಗರಿನ ಜೊತೆ ಮಾತಾಡುತ್ತಾಳೆ, ದೊಡ್ಡವಳು ಉತ್ತರ ಕೊಡುತ್ತಾಳೆ ಎಂದ. ನಾನು ಅಲ್ಲಿರಲಿಲ್ಲ. ನೀನು ಬಂದು ಬಾಳ್ಯಾನಿಗೆ ಹೇಳಿದ್ದರಿಂದ ನನಗೆ ತಿಳಿಯಿತು. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, "ಟಗರಿನ ಜೋಡಿ ಮಾತಾಡೂದು ತಪ್ಪಲ್ಲ. ಆದರ ಉತ್ತರ ಟಗರ ಕೊಡಬೇಕು" ಎಂದರಂತೆ. ಸಭೆಯಲ್ಲಿ ಎಲ್ಲರೂ ನಕ್ಕರಂತೆ. ಮುಂದಿನ ಸಂತೆಗೆ ಅಪ್ಪ ಬಾಳ್ಯಾನನ್ನು ಹೊಡೆದುಕೊಂಡು ಹೋದ, ಸಂಜೆ ಬರಿ ಹಗ್ಗ ಹಿಡಿದು ಬಂದ. ನೀನು ಆ ಹಗ್ಗಕ್ಕಾದರೂ, ಬೇವಿನ ಮರಕ್ಕಾದರೂ ಏನಾದರೂ ಹೇಳುತ್ತೀ ಎಂದು ನಾನು ವಾರವಿಡೀ ಹಿತ್ತಲಿನಲ್ಲಿ ಕಾದೆ. ನಿನ್ನನ್ನು ಬಹಳ ಹೆದರಿಸಿದ್ದರು, ನೀನು ತುಟಿ ಎರಡು ಮಾಡಲಿಲ್ಲ. ಆಮೇಲೆ ನಾನು ಮನೆ ಬಿಟ್ಟೆ.

ಸಿದ್ರಾಮ ಕಾಕಾ ಕೂಡ ಈಗ ಹೊರಗಿದ್ದಾನೆ. ನಮ್ಮಂತೆ ಬಿಟ್ಟು ಬಂದವರು ಐದಾರು ಜನ ಹೋದ ವರ್ಷ ಹತ್ತರಗಿಯಲ್ಲಿ, ಹೈವೇ ಪಕ್ಕದ ಹೊಟೇಲಿನಲ್ಲಿ ಸೇರಿದ್ದೆವು. ಮನಸ್ಸು ಹಗುರ ಮಾಡಿಕೊಳ್ಳೋಣ ಎಂದು. ಹೋಗಿ ನೋಡಿದರೆ ಗಂಡಸರು ಎಡಕ್ಕೆ ಕೂತಿದ್ದಾರೆ, ಹೆಂಗಸರು ಬಲಕ್ಕೆ. ವಯಸ್ಸಿನಲ್ಲಿ ದೊಡ್ಡವನಾದ ಕಾಕಾ ಮುರಿದು ಬಾಯಿಗಿಡುವವರೆಗೆ ಯಾರೂ ಇಡ್ಲಿ ಮುಟ್ಟಲಿಲ್ಲ. ಆಮೇಲೆ ಅವನು ಎದ್ದು ನಿಂತು, ಕಣ್ಣು ತುಂಬಿಕೊಂಡು, "ಮಾಯವ್ವಾ, ಟಗರಿನ ಸುದ್ದಿ ನಾ ಹೇಳಬಾರದಿತ್ತು" ಎಂದ. ನನ್ನ ತಲೆ ತಾನಾಗಿ ತಗ್ಗಿತು, ಬಾಯಿ ತಾನಾಗಿ 'ಉಪಕಾರ ಆತು' ಎಂದಿತು. ಮಾಣಿ ನಮ್ಮನ್ನು ನೋಡುತ್ತ ನಿಂತಿದ್ದ. ನಾನು ಮತ್ತೆ ಅಲ್ಲಿಗೆ ಹೋಗಿಲ್ಲ.

ಇರಲಿ. ನೀನು ಬೆಕ್ಕಿಗೆ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿದ್ದೇನೆಯೇ ನೋಡು. ಶನಿವಾರ ನಿನ್ನ ಪಾಳಿ ಬಂದಾಗ ನೀನು ಎದ್ದು 'ನಾ ಏನೂ ನೋಡಿಲ್ಲ' ಎಂದೆ. ಮುಂದಿನ ವಾರವೂ ಅದನ್ನೇ ಅಂದೆ, ಅದರ ಮುಂದಿನ ವಾರವೂ. ಎಲ್ಲರಲ್ಲಿಯೂ ತಪ್ಪಿರುವಾಗ ಕಾಣದವಳ ಕಣ್ಣಿಗೆ ಸೊಕ್ಕು ಎಂದು ಮಾತು ಮುಚ್ಚಿದರು. ಗಂಡ ಮಾತಾಡುವುದಿಲ್ಲ. ಐದು ವರ್ಷದ ಮಗಳು ದೀಪಾಳಿಗೂ ಮಾತಾಡಬೇಡ ಎಂದಿದ್ದಾರೆ. ಮೊನ್ನೆ ಅವಳು ಅಡುಗೆಮನೆಯ ಬಾಗಿಲಿಗೆ ಕೆನ್ನೆ ಆನಿಸಿ, "ಬಾಗಲಾ, ನನಗ ಹಸಿವಾಗೇತಿ" ಎಂದಳು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಅಮಾವಾಸ್ಯೆಯೊಳಗೆ ನೀನು ಎದ್ದು ನಿಂತು ಯಾರದಾದರೂ ತಪ್ಪು ಹೇಳಿ, ನನಗೆ ಅಕ್ಕ ಎಂಬುವಳು ಇಲ್ಲ ಎಂದರೆ ಮಾತು ತೆರೆಯುತ್ತದೆ. ಇದನ್ನೆಲ್ಲ ಹೇಳಿ, 'ನಾ ಏನ ಮಾಡ್ಲಿ ಅಂತ ನಿಮ್ಮವ್ವಗ ಕೇಳು' ಎಂದು ನೀನು ಬೆಕ್ಕಿಗೆ ಹೇಳಿದೆ. ನಾನು ಆರಿದ ಚಹಾ ಚೆಲ್ಲಿ ಇನ್ನೊಂದು ಕಪ್ಪು ತಂದೆ. ಅದನ್ನೂ ನೀನು ಕುಡಿಯದೆ ಎದ್ದೆ, ಬಸ್ಸಿನ ಹೊತ್ತಾಗಿತ್ತು.

ಈಗ ಹೇಳುತ್ತೇನೆ. ದೀಪಾಳನ್ನು ಕರೆದುಕೊಂಡು ಇಲ್ಲಿಗೆ ಬಾ. ಅಂಗಡಿಯ ಹಿಂದಿನ ಕೋಣೆ ಖಾಲಿ ಇದೆ, ನೀವಿಬ್ಬರೂ ಬರಲಿ ಎಂದು ಸೂರಜ ಕೂಡ ಹೇಳಿದ್ದಾರೆ. ನನಗೆ ನೀನು ಬೇಕು. ಇದನ್ನು ಒಂದೇ ಸಲ ಬರೆಯುತ್ತೇನೆ, ಮತ್ತೆ ಮತ್ತೆ ಹೇಳಿ ಮನಸ್ಸು ಬಗ್ಗಿಸುವುದನ್ನು ಆ ತಗಡಿನ ಕೋಣೆಯಲ್ಲಿ ಸಾಕುಸಾಕೆನ್ನುವಷ್ಟು ನೋಡಿದ್ದೇನೆ. ಆದರೆ ಇಲ್ಲಿ ಸುಖವೇ ಸುಖ ಎಂದು ಸುಳ್ಳು ಬರೆಯಲಾರೆ. ಹೊರಗಿನ ಜನ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಜ್ವರ ಬಂದು ಮಲಗಿದರೆ ಹತ್ತು ಹೆಂಗಸರು ರೊಟ್ಟಿ ಹಿಡಿದು ಬರುವುದಿಲ್ಲ. ಈಗಲೂ ಒಮ್ಮೊಮ್ಮೆ ಶನಿವಾರ ಸಂಜೆ ನನಗೆ ಆ ಕೋಣೆಯ ನೆನಪಾಗುತ್ತದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಹಾಗಾಗಿ ಒಳಗೇ ಉಳಿಯುತ್ತೇನೆ ಎಂದರೆ ಉಳಿ. ನನಗೆ ಸಿಟ್ಟಿಲ್ಲ, ಸಿಟ್ಟಿಗೆ ಬೇಕಾದಷ್ಟು ಶಕ್ತಿಯೂ ಉಳಿದಿಲ್ಲ. ಮಗಳ ಬಾಯಿಂದ ಅವ್ವ ಅನ್ನಿಸಿಕೊಳ್ಳಲು ನೀನು ಏನು ಹೇಳಿದರೂ ಅದು ತಪ್ಪಲ್ಲ. ಅಕ್ಕ ಇಲ್ಲ ಎಂದು ಹೇಳಿಬಿಡು. ಗಟ್ಟಿಯಾಗಿ ಹೇಳು, ತಡವರಿಸಿದರೆ ಮತ್ತೆ ಹೇಳಿಸುತ್ತಾರೆ.

ಒಂದೇ ಒಂದು ಕೆಲಸ ಮಾಡು. ಹಾಗೆ ಹೇಳಿ ಮನೆಗೆ ಬಂದ ಮೇಲೆ, ಹಿತ್ತಲಿನಲ್ಲಿ ಗೋಡೆಗೆ ಹತ್ತಿರ ಒಂದು ಟಗರು ಕಟ್ಟು. ಕುರುಬರ ಮನೆಯಲ್ಲಿ ಟಗರು ಯಾಕೆ ಎಂದು ಯಾರೂ ಕೇಳುವುದಿಲ್ಲ. ಮೂಡಲಗಿಯ ಸಂತೆಯ ದಿನ ನಾನು ಬಂದು ಗೋಡೆಯ ಆಚೆ ನಿಲ್ಲುತ್ತೇನೆ. ದೀಪಾ ಎಷ್ಟು ಎತ್ತರವಾದಳು, ಪಲ್ಯಕ್ಕೆ ಉಪ್ಪು ಸರಿಯಾಯಿತೋ ಇಲ್ಲವೋ, ಎಲ್ಲ ಅದಕ್ಕೆ ಹೇಳು. ಈ ಸಲ ನಾನು ಉತ್ತರ ಕೊಡುವುದಿಲ್ಲ.

ನಿನ್ನ ಮನೆ ತುಂಬ ಮಾತಿರಲಿ, ವಿಜಿ. ದೀಪಾಳ ಬೈತಲೆ ನೆಟ್ಟಗೆ ತೆಗೆ.

ನಿನ್ನ ಅಕ್ಕ,
ಮಾಯಾ