ಪುಟ್ಟಿ ಬೇಡವೆಂದ ಹಾಲು

ಮನೆಯಿಂದ,
ಜೂನ್ ಹತ್ತು, ಭಾನುವಾರ ಮಧ್ಯಾಹ್ನ

ಪ್ರೀತಿಯ ಹಡಗಿನ ಯಜಮಾನರೇ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಆ ಎಂಜಿನ್ ಕೋಣೆಯ ಶೆಕೆಯಲ್ಲಿ ಹೊತ್ತುಹೊತ್ತಿಗೆ ನೀರು ಕುಡಿಯುತ್ತೀರಿ ತಾನೇ? ಇಲ್ಲಿ ಅತ್ತೆಯವರು ಗಟ್ಟಿಯಾಗಿದ್ದಾರೆ, ದನಿಯಂತೂ ಇನ್ನೂ ಗಟ್ಟಿ. ನಿಮ್ಮ ಮಗಳಿಗೆ ಎರಡು ಹಲ್ಲು ಬಂದಿವೆ. ನನಗೆ ಮಾತ್ರ ವಿಪರೀತ ಸುಸ್ತು. ಕುಳಿತರೆ ಏಳಲು ಮನಸ್ಸಿಲ್ಲ, ಎದ್ದರೆ ಕೂರಲು ಪುರುಸೊತ್ತಿಲ್ಲ.

ಪುಟ್ಟಿ ಈಚೆಗೆ ನನ್ನ ಹಾಲು ಕುಡಿಯುತ್ತಿಲ್ಲ. ಎರಡು ಗುಟುಕು ಎಳೆದು, ಮುಖ ಸಿಂಡರಿಸಿ ಆಚೆ ತಿರುಗುತ್ತಾಳೆ. ಬಾಟಲಿ ಕಂಡರಂತೂ ಮನೆ ಹಾರಿಹೋಗುವಂತೆ ಅಳುತ್ತಾಳೆ. ನಾನೇ ಒಂದು ಹನಿ ನಾಲಗೆಗೆ ಹಚ್ಚಿ ನೋಡಿದೆ, ಉಪ್ಪುಪ್ಪು. ಅತ್ತೆಯವರಿಗೆ ಹೇಳಿದ್ದೇ ತಪ್ಪಾಯಿತು. "ಕೈಗೆ ಬಂದಷ್ಟು ಉಪ್ಪು ಸುರ್ಕೊಂಡು ತಿಂತೀಯ, ಇನ್ನೇನಾಗುತ್ತೆ!" ಎಂದು ನನ್ನ ಊಟಕ್ಕೆ ಉಪ್ಪೇ ಬಂದ್ ಮಾಡಿದರು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಿನವಿಡೀ ಬಾಣಂತಿಯರ ಹಾಲಿನ ಖನಿಜಗಳನ್ನು ಅಳೆಯುವವಳು ನಾನು. ತಿಂದ ಉಪ್ಪು ಹಾಗೇ ಹಾಲಿಗಿಳಿಯುವುದಿಲ್ಲ. ಕ್ಯಾಲ್ಸಿಯಂ ಊಟದಲ್ಲಿ ಕಡಿಮೆಯಾದರೆ ತಾಯಿಯ ಮೂಳೆಯಿಂದಲಾದರೂ ಬರುತ್ತದೆ. ಅಯೋಡಿನ್‌ನಂಥ ಕೆಲವು ಮಾತ್ರ ಊಟಕ್ಕೆ ತಕ್ಕಂತೆ ಬದಲಾಗುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ವಾರವಿಡೀ ಸಪ್ಪೆ ಊಟ ನುಂಗಿದೆ. ವಾದ ಮಾಡಲೂ ತ್ರಾಣ ಬೇಕಲ್ಲ!

ಮೊನ್ನೆ ನನ್ನದೇ ಹಾಲನ್ನು ಸೀಸೆಗೆ ಹಿಂಡಿ, "ಎಂಟನೇ ತಿಂಗಳು" ಎಂದು ಚೀಟಿ ಅಂಟಿಸಿ, ಉಳಿದ ಸೀಸೆಗಳ ಜೊತೆ ಪರೀಕ್ಷೆಗೆ ಇಟ್ಟೆ. ಫಲಿತಾಂಶ ನೋಡಿ ನಮ್ಮ ಮೇಡಂ ಹಾರಾಡಿದರು. "ಹೆತ್ತು ಮೂರು ದಿನ ಆಗಿರೋಳ ಹಾಲಿಗೆ ಎಂಟು ತಿಂಗಳ ಚೀಟಿ ಹಚ್ಚಿದ್ದೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?" ಸೀಸೆಯಲ್ಲಿ ಸೋಡಿಯಂ ಅಷ್ಟಿತ್ತು. ಮೊದಲ ದಿನಗಳ ಹಾಲಿನಲ್ಲಿ ಅದು ಹೆಚ್ಚು, ಬರಬರುತ್ತ ಇಳಿಯುತ್ತದೆ. ಆದರೆ ಆಗ ಸತುವೂ ಹೆಚ್ಚಿರಬೇಕು. ಈ ಹಾಲಿನಲ್ಲಿ ಅದು ಎಂಟು ತಿಂಗಳಿಗೆ ತಕ್ಕಂತೆ ಕಡಿಮೆ ಇತ್ತು. ಅದನ್ನು ತೋರಿಸಿ, ಸೀಸೆ ನನ್ನದೇ ಎಂದೆ. ಮೇಡಂ ತಣ್ಣಗಾಗಿ, ಕುರ್ಚಿ ಎಳೆದು ಕೂರಿಸಿದರು. ಎದೆ ಬಾತುಕೊಂಡರೆ ಹೀಗಾಗುತ್ತದೆ, ನನಗೆ ಅದಿಲ್ಲ. ಹಾಲು ಬತ್ತುತ್ತಿದ್ದರೂ ಹೀಗಾಗುತ್ತದೆ ಎಂದರು. ಅಲ್ಲೇ ಅತ್ತುಬಿಟ್ಟೆ. ವರ್ಷ ತುಂಬುವವರೆಗಾದರೂ ಅವಳಿಗೆ ಎದೆಹಾಲು ಕುಡಿಸಬೇಕೆಂದು ನನಗೆಷ್ಟು ಆಸೆಯಿತ್ತು, ನಿಮಗೆ ಗೊತ್ತು. ಯಾವುದಕ್ಕೂ ಇರಲಿ ಎಂದು ಮೇಡಂ ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದಾರೆ.

ಹಡಗಿನ ಟಪಾಲು ನಾಳೆ ಹೊರಡುತ್ತದಂತೆ, ನಿಲ್ಲಿಸುತ್ತೇನೆ. ಅತ್ತೆಯವರ ಆಶೀರ್ವಾದ, ಪುಟ್ಟಿಯ ಎರಡೂ ಹಲ್ಲಿನ ಒಂದು ಕಡಿತ ನಿಮಗೆ.

ಇತಿ,
ನಿಮ್ಮ ಸಪ್ಪೆ ಹೆಂಡತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೇಡಂ ಫೋನ್ ಮಾಡಿದರು. ನಾನು ಮತ್ತೆ ಬಸುರಿ, ಏಪ್ರಿಲ್‌ನಲ್ಲಿ ನೀವು ರಜೆಗೆ ಬಂದುಹೋದಾಗಿನದು. ಬಸುರಾದಾಗಲೂ ಹಾಲು ಉಪ್ಪಾಗುತ್ತದೆ. ನನಗೆ ಗೊತ್ತಿರದ ವಿಷಯವೇನಲ್ಲ, ನೆನೆಯಲು ಧೈರ್ಯವಿರಲಿಲ್ಲ. ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಮಗು ಬೇಡವೆಂದಲ್ಲ, ಸಂತೋಷಪಡುವಷ್ಟು ಶಕ್ತಿ ಉಳಿದಿಲ್ಲ. ಪುಟ್ಟಿಯನ್ನು ಹೆತ್ತಾಗ ನೀವು ಸಮುದ್ರದ ಮೇಲಿದ್ದಿರಿ, ನಾನು ಏನೂ ಅನ್ನಲಿಲ್ಲ. ಈ ಸಲ ನನ್ನೊಬ್ಬಳ ಕೈಲಾಗುವುದಿಲ್ಲ. ಮುಂದಿನ ಬಂದರಿನಲ್ಲಿ ಇಳಿದು ಬಂದುಬಿಡಿ.