ಸೂತಕದ ಮನೆಗೆ ಬಂದ ಲಕೋಟೆ

ಕೊಳ್ಳೇಗಾಲ,
೪ ಆಗಸ್ಟ್ ೨೦೨೫

ಪೂಜ್ಯ ಅತ್ತೆಯವರಿಗೆ ಲಿಖಿತಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಕೊಯಮತ್ತೂರಿನ ನೀರು ಒಗ್ಗಿತೆ? ಸೌಮ್ಯ ಸಾರಿಗೆ ಉಪ್ಪೇ ಹಾಕುವುದಿಲ್ಲ ಎಂದು ದೂರುತ್ತೀರಂತೆ. ಮಗಳ ಮೇಲೆ ರೇಗಬೇಡಿ, ನಿಮ್ಮ ಬಿಪಿಗೆ ಅದೇ ಒಳ್ಳೆಯದು. ನಾನು ಚೆನ್ನಾಗಿದ್ದೇನೆ, ಹಾಗೆ ಬರೆಯುವುದು ವಾಡಿಕೆ. ಬೆಳಿಗ್ಗೆ ಮಗ್ಗಕ್ಕೆ ಇಳಿಯುತ್ತೇನೆ, ಹಸಿವಾದರೆ ಏಳುತ್ತೇನೆ. ಅಳು ಬರುವುದು ನಿಂತು ಬಹಳ ದಿನವಾಯಿತು. ಫೋನಿನಲ್ಲಿ ನಿಮ್ಮ ಮಗನ ಮಾತೆತ್ತಿದರೆ ಸಾಕು, ಸೌಮ್ಯಳ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹೋದ ತಿಂಗಳು ಕೋರ್ಟಿನ ಅಮೀನ ಬಂದು ಬಾಗಿಲಿಗೆ ಜಪ್ತಿ ನೋಟಿಸು ಅಂಟಿಸಿ ಹೋದ. ನಿಮ್ಮ ಮಗನಿಗೆ ರೇಷ್ಮೆ ನೂಲು ಕೊಡುತ್ತಿದ್ದ ತಮಿಳುನಾಡಿನ ವ್ಯಾಪಾರಿ ಅಲ್ಲಿಯೇ ದಾವೆ ಹಾಕಿ ಡಿಕ್ರಿ ಮಾಡಿಸಿಕೊಂಡು, ಜಾರಿಗೆಂದು ಅದನ್ನು ಗಡಿ ದಾಟಿಸಿ ನಮ್ಮ ಕೋರ್ಟಿಗೆ ಕಳಿಸಿದ್ದಾನೆ. ಬಾಕಿ ಇದ್ದದ್ದು ನಿಜ, ಸುಳ್ಳು ಹೇಳಲಾರೆ. ಆದರೆ ಅರ್ಧ ಬಾಕಿಗೆ ನಾವು ಸೀರೆ ನೇಯ್ದು ಕೊಟ್ಟಿದ್ದೆವಲ್ಲ. ಅದನ್ನು ಹೇಳಲು ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಅವನು ಬರೆದುಕೊಟ್ಟಷ್ಟೂ ತೀರ್ಪಾಗಿದೆ. ಅಮೀನ ಒಳ್ಳೆಯ ಮನುಷ್ಯ. "ಮಗ್ಗ ಮುಟ್ಟಂಗಿಲ್ಲ ಕಣಮ್ಮ, ಕಸುಬಿನ ಸಾಮಾನು ಜಪ್ತಿಗೆ ಬರಾಕಿಲ್ಲ. ಮನೆ ಮಾತ್ರ ಓಯ್ತದೆ" ಎಂದ. ನಮ್ಮದು ಗುಂಡಿಮಗ್ಗ, ಮನೆಯ ನೆಲದಲ್ಲೇ ಹೂತಿರುವುದು. ನೆಲ ಬಿಟ್ಟು ಮಗ್ಗವನ್ನು ಎಲ್ಲಿಗೆ ಹೊರಲಿ ಎಂದು ನಾನು ಕೇಳಲಿಲ್ಲ. ನೀರು ಕೊಟ್ಟೆ, ಕುಡಿದು ಹೋದ.

ಲಾಯರ್ ರಂಗನಾಯಕರು ಅಲ್ಲಿಯ ಕಾಗದಗಳ ನಕಲು ತರಿಸಿ ನನಗೆ ಓದಿ ಹೇಳಿದರು. ಹೋದ ವರ್ಷ ಮಾರ್ಚ್ ಹನ್ನೊಂದರಂದು ಪ್ರತಿವಾದಿ ತೇಜಸ್ ಸಮನ್ಸಿನ ಲಕೋಟೆಯನ್ನು ಖುದ್ದಾಗಿ ನಿರಾಕರಿಸಿದ್ದಾರೆ, ಕೋರ್ಟಿಗೂ ಬಂದಿಲ್ಲ, ಆದ್ದರಿಂದ ತಕರಾರಿಲ್ಲ ಎಂದು ಬರೆದಿದೆ. ಎಂಟನೇ ತಾರೀಖಿಗೇ ಅವರನ್ನು ಮಣ್ಣು ಮಾಡಿ ಬಂದಿದ್ದೆವು ಅತ್ತೆ. ಆ ಕಾಗದದಲ್ಲಿ ಮಾತ್ರ ಅವರು ಇನ್ನೂ ಮೂರು ದಿನ ಬದುಕಿ, ಜಗಲಿಯಲ್ಲಿ ನಿಂತು ಅಂಚೆಯವನಿಗೆ ಬೇಡ ಎಂದಿದ್ದಾರೆ. ಕೇಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಇನ್ನೊಂದು ಸಲ ಓದಿ ಎಂದೆ.

ಬೇಡ ಎಂದವರು ನೀವು. "ಸೂತಕದ ಮನೆ ಕಣಪ್ಪ, ಏನೂ ಕೊಡಂಗಿಲ್ಲ, ತಕಳಂಗಿಲ್ಲ, ತಕಂಡೋಗು" ಎಂದಿರಿ. ಅಂಚೆಯವನು ಹೊಸಬ, ಲಕೋಟೆಯ ಮೇಲಿದ್ದ ಹೆಸರಿನವರೇ ನಿರಾಕರಿಸಿದರು ಎಂದು ಗೀಚಿಕೊಂಡು ಹೋದ. ನಿಮ್ಮದು ತಪ್ಪಲ್ಲ. ನಾನು ಒಳಗೇ ಇದ್ದೆ, ನನಗೂ ಹೊಳೆಯಲಿಲ್ಲ. ಸತ್ತವರ ಮೇಲೆ ಆದ ಡಿಕ್ರಿ ಡಿಕ್ರಿಯೇ ಅಲ್ಲವಂತೆ, ಅದನ್ನು ನಮ್ಮ ಕೋರ್ಟಿನಲ್ಲೇ ಕೇಳುವ ಹಕ್ಕು ನಮಗಿದೆಯಂತೆ. ಮರಣಪತ್ರ ಹಾಕಿದ್ದೇವೆ. ಆದರೆ ಎದುರಿನವರು, ಅದರಲ್ಲಿನ ತಾರೀಖು ಹಿಂದುಮುಂದಾಗಿರಬಹುದು, ಲಕೋಟೆ ಬಂದಾಗ ಅವರು ಬದುಕಿದ್ದರು ಎನ್ನುತ್ತಿದ್ದಾರೆ.

ಸೌಮ್ಯ ಎಲ್ಲ ಹೇಳಿದ್ದಾಳೆ. ಅಲ್ಲಿ ಅಕ್ಕಪಕ್ಕದವರು ಕೇಳಿದರೆ "ಮಗ ನೂಲು ತರಾಕೆ ಓಗವ್ನೆ" ಎನ್ನುತ್ತೀರಂತೆ. ಇಷ್ಟು ದಿನ ನಾನೂ ಅದನ್ನು ತಿದ್ದಲು ಹೋಗಲಿಲ್ಲ.

ಮಾತ್ರೆ ತಪ್ಪಿಸಬೇಡಿ. ಸೌಮ್ಯಳ ಮಕ್ಕಳಿಗೆ ನನ್ನ ಮುದ್ದು. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಲಿಖಿತಾ

ಮರೆತಿದ್ದೆ: ಹತ್ತೊಂಬತ್ತಕ್ಕೆ ಕೋರ್ಟಿನಲ್ಲಿ ವಾಯಿದೆ ಇದೆ, ತಪ್ಪಿದರೆ ಮನೆ ಹರಾಜು. ಹಿಂದಿನ ದಿನವೇ ಬಂದುಬಿಡಿ. ನನ್ನ ಮಾತು ನಡೆಯುವುದಿಲ್ಲ, ಲಕೋಟೆ ವಾಪಸು ಕಳಿಸಿದವರೇ ಹೇಳಬೇಕು. ಜಡ್ಜ್ ಕೇಳಿದಾಗ ಒಂದೇ ಸಾಲು, 'ಆವತ್ತಿಗೆ ನನ್ನ ಮಗ ಸತ್ತು ಮೂರು ದಿನವಾಗಿತ್ತು.' ನಾನು ಪಕ್ಕದಲ್ಲೇ ಇರುತ್ತೇನೆ. ನಿಮ್ಮ ಬಾಯಿಂದ ಆ ಮಾತನ್ನು ನಾನೂ ಇನ್ನೂ ಕೇಳಿಲ್ಲ.