ಹರಕೆಯ ಹೆಸರಿನಲ್ಲಿ

ಅಕ್ಟೋಬರ್ 27, ಸೋಮವಾರ. ತಾಳ್ಯ.

ಪೂಜೆ ಆಯಿತು. ರೊಟ್ಟಿ ತಟ್ಟಿಟ್ಟೆ. ಸೊಸೆ ಅನುಪಮಾ ಇವತ್ತೂ ಮುಟ್ಟಲಿಲ್ಲ. ಹಾಲುರಾಮೇಶ್ವರನಿಗೆ ಹರಕೆಯಂತೆ. ಕಾರ್ತಿಕ ಮುಗಿಯುವ ತನಕ ಬರೀ ಸೌತೆಕಾಯಿ, ನೀರು ಮಜ್ಜಿಗೆ.

"ಹರಕೆ ಅಂದ್ಮೇಲೆ ಉಪ್ಪೂ ಬಿಡ್ಬೇಕು ಕಣವ್ವ" ಎಂದೆ. ತಲೆಯಾಡಿಸಿದಳು.

ಪಕ್ಕದ ಮನೆಯ ನಿಂಗಕ್ಕನಿಗೆ ಹೊಟ್ಟೆಕಿಚ್ಚು. "ನಿನ್ ಪುಣ್ಯ ಕಣೇ. ನನ್ ಸೊಸೆ ಉಪ್ವಾಸದ ದಿನಾನೇ ಒಂದು ಮುದ್ದೆ ಜಾಸ್ತಿ ಉಣ್ತಾಳೆ."

ನವೆಂಬರ್ 5

ಅನುಪಮಾಳ ಬಳೆಗಳು ಮೊಣಕೈಗೆ ಜಾರುತ್ತಿವೆ. ಕೊಡ ಎತ್ತಿದವಳು ಎದೆ ಹಿಡಿದು ಕುಳಿತಳು. "ಎದೆ ದಡದಡ ಅಂತೈತೆ ಅತ್ತೆ."

ಮಗ ಚೇತನ್‌ಕುಮಾರ್ ಫೋನಿನಿಂದ ತಲೆ ಎತ್ತಲಿಲ್ಲ. "ಸುಸ್ತು ಅಷ್ಟೆ ಬಿಡವ್ವ."

ವಿಭೂತಿ ಹಚ್ಚಿ ಮಲಗಿಸಿದೆ.

ನವೆಂಬರ್ 12. ಚಿತ್ರದುರ್ಗ, ಆಸ್ಪತ್ರೆ.

ಭಾನುವಾರ ಬಚ್ಚಲಲ್ಲಿ ಬಿದ್ದಳು. ಐಸಿಯು. ಇವತ್ತು ವಾರ್ಡಿಗೆ ತಂದರು.

ಹೊಟ್ಟೆಗೆ ಏನು ಕೊಡ್ತಿದ್ರಿ ಎಂದರು ಡಾಕ್ಟರಮ್ಮ. ಹರಕೆ ಎಂದೆ.

"ಯಾವ ಹರಕೇನಮ್ಮ? ರಕ್ತದಲ್ಲಿ ಉಪ್ಪಿಲ್ಲ, ಪೊಟ್ಯಾಸಿಯಂ ಇಲ್ಲ. ಹೀಗೆ ಊಟ ಬಿಟ್ರೆ ಹಾರ್ಟ್ ತಾಳ ತಪ್ಪುತ್ತೆ. ನಿಂತೂ ಹೋಗುತ್ತೆ."

ಅವರು ಹೋದ ಮೇಲೆ ಅನುಪಮಾ ಗೋಡೆಯ ಕಡೆ ತಿರುಗಿ ಹೇಳಿದಳು. "ಹರಕೆ ಇಲ್ಲ ಅತ್ತೆ. ಇವರ ಗೆಳೆಯನ ಮದ್ವೆ ಐತಲ್ಲ... ನೀನು ಇಂಗೆ ದಪ್ಪ ಇದ್ರೆ ಪಕ್ಕದಾಗೆ ನಿಲ್ಲಾಕೆ ನಾಚ್ಕೆ ಅಂದ್ರು. ಫೋನ್ನಾಗೆ ಡಯಟ್ ತೋರ್ಸಿದ್ರು. ದೇವ್ರ ಹೆಸ್ರು ಹೇಳು, ಅವ್ವ ಉಣ್ಣು ಅಂತ ಬಲವಂತ ಮಾಡಲ್ಲ ಅಂದ್ರು."

ಥೂ. ನನ್ನ ಹೊಟ್ಟೆಯಲ್ಲೇ ಹುಟ್ಟಿದವನು. ಕಟ್ಟಿಕೊಂಡವಳನ್ನು ಒಣಗಿಸಲು ದೇವರನ್ನು ಕಾವಲಿಗಿಟ್ಟ. ಉಪ್ಪು ಬಿಡಿಸಿದವಳು ನಾನು. ಬರೆಯಲೂ ಹೇಸಿಗೆ.

ನವೆಂಬರ್ 17, ಸೋಮವಾರ, ಮಧ್ಯಾಹ್ನ

ಮನೆಗೆ ಬಂದೆವು. ಒಮ್ಮೆಲೇ ತಿನ್ನಿಸಬೇಡಿ, ಸ್ವಲ್ಪ ಸ್ವಲ್ಪ ಕೊಡಿ ಎಂದಿದ್ದಾರೆ. ಗಂಜಿ ಬಡಿಸಿದೆ. ಚೇತನ್ ತಟ್ಟೆಯಲ್ಲಿ ಇಣುಕಿದ. "ಡಾಕ್ಟ್ರೂ ಕಮ್ಮೀನೇ ಹೇಳವ್ರಲ್ಲ. ತೂಕ ಹೆಂಗೂ ಇಳಿದೈತೆ, ಮತ್ತೆ ಏರ್ಬಾರ್ದು ನೋಡು."

"ಎದ್ದೋಗಲೇ. ಅವಳು ಉಂಡ್ಮೇಲೇ ಈ ಮನ್ಯಾಗೆ ನಿಂಗೆ ಊಟ" ಎಂದೆ.

ಇವತ್ತು ಕಡೆಯ ಕಾರ್ತಿಕ ಸೋಮವಾರ. ನಾನೂ ಉಪವಾಸ ಬಿಟ್ಟು ಅವಳೆದುರು ಉಂಡೆ. ದೇವರು ಏನಾದರೂ ಅಂದುಕೊಳ್ಳಲಿ.

ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಚಮಚ ಹಿಡಿದಿದ್ದಾಳೆ. ಬಾಯಿಗೆ ಹೋಗುತ್ತಿಲ್ಲ. "ಉಣ್ಲಾ ಅತ್ತೆ?" ಎನ್ನುತ್ತಾಳೆ. ಕೇಳುವುದು ನನ್ನನ್ನು, ಕಣ್ಣು ಮಾತ್ರ ಬಾಗಿಲ ಕಡೆ. ಅವನು ಇನ್ನೂ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಾನೆ.

ಎದ್ದು ಅವನ ಮುಖಕ್ಕೇ ಬಾಗಿಲು ಹಾಕಿ ಬಂದೆ. "ಈಗ ಉಣ್ಣವ್ವ" ಎಂದೆ.